ಗಾಜಿನ ಕಡೆಯಿಂದ

ಶಿವದೇವಿ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಸರ್, ನಾಳೆ ಕಾರ್ಯಕ್ರಮಕ್ಕಿಂತ ಮೊದಲ ಒಂದೀಟು ಬರ್ರಿ. ಒಬ್ರ ಬರ್ರಿ.” ಒಬ್ಬರೇ ಯಾಕೆ ಎಂದು ವಾಸುದೇವ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದಳು, ಆ ಹುಡುಗಿಗೆ ಮುಚ್ಚುಮರೆ ಗೊತ್ತಿಲ್ಲ, ಅದಕ್ಕೇ ಕೇಳಲಿಲ್ಲ. ಅರವತ್ತೊಂಬತ್ತರ ವಯಸ್ಸಿನಲ್ಲಿ ಮನುಷ್ಯನನ್ನು ಒಬ್ಬನೇ ಬಾ ಎಂದು ಕರೆಯುವವರು ಡಾಕ್ಟರು, ಇಲ್ಲವೇ ಪೊಲೀಸರು. ಸಂಗ್ರಹಾಲಯದಲ್ಲಿ ಹಳೆಯ ಫೋಟೋಗಳ ಗಾಜಿನ ನೆಗೆಟಿವ್ ಪ್ಲೇಟುಗಳನ್ನು ಒಂದೊಂದಾಗಿ ಒರೆಸಿ ಕಂಪ್ಯೂಟರಿಗೆ ಇಳಿಸುವ, ಆರಾರು ತಿಂಗಳ ಕರಾರಿನ ಮೇಲೆ ಕೆಲಸ ಮಾಡುವ ಇಪ್ಪತ್ತಾರರ ಹುಡುಗಿ ಯಾಕೆ ಕರೆಯಬೇಕು? ಇಂದು ಸಂಜೆ ನಾಲ್ಕಕ್ಕೆ ಪ್ರದರ್ಶನದ ಉದ್ಘಾಟನೆ. ಸಂಗ್ರಹಾಲಯವಿರುವ ಬೇಗಂಪೇಟೆಯ ಆ ಹಳೆಯ ದೇವಡಿಯ, ನವಾಬಿ ಮಹಲಿನ, ನಡುಮನೆಯ ಗೋಡೆಗೆ, ಎಂಟು ಅಡಿ ಎತ್ತರಕ್ಕೆ, ‘ಬೇಸಿಗೆಯಲ್ಲಿ ನದಿಯ ಪಾತ್ರ’ ಎಂಬ ಫೋಟೋ. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಅದನ್ನು ತೆಗೆದವನ ಹೆಸರಿರಬೇಕಾದ ಜಾಗದಲ್ಲಿ ‘ಅನಾಮಧೇಯ’ ಎಂದೂ, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ವಾಸುದೇವನ ಲೇಖನದ ಎರಡು ಪ್ಯಾರಾಗಳೂ ಇರುತ್ತವೆ. ಬದುಕಿನಲ್ಲಿ ಒಮ್ಮೆಯಾದರೂ ತನ್ನ ಅಕ್ಷರ ಗೋಡೆ ಹತ್ತಿತು ಎಂದು ಅವನು ಒಂದು ವಾರದಿಂದ ಒಳಗೊಳಗೇ ಉಬ್ಬಿದ್ದ. ಉಬ್ಬಿದ್ದಕ್ಕೆ ನಾಚಿಕೆಯೂ ಆಗಿತ್ತು. ನಾಚಿಕೆಯಾದವನು ಉಬ್ಬುವುದನ್ನು ಬಿಡುತ್ತಾನೆಂದು ಯಾರು ಹೇಳಿದರು?

ಕೃಷ್ಣಾಬಾಯಿ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. “ನಾಲ್ಕಕ್ಕ ಅದ ಅಂದಿದ್ರಿ. ಈಗ ಹತ್ತೂವರಿ.”

“ಸ್ವಲ್ಪ ಕೆಲಸ ಅದ. ನೀ ನಾಲ್ಕಕ್ಕ ಆಟೋ ಮಾಡ್ಕೊಂಡು ಬಾ.”

“ರಿಟೈರ್ ಆಗಿ ಒಂಬತ್ತು ವರ್ಷ ಆತು, ಆ ಫೋಟೋದ ಕೆಲಸ ಇನ್ನೂ ಮುಗೀವಲ್ದು,” ಎಂದು ಅಂಗಿಯನ್ನು ಅವನ ಕೈಗೆ ಕೊಟ್ಟಳು. ಮೂವತ್ತು ವರ್ಷಗಳಿಂದ ಆ ಫೋಟೋದ ಮಾತು ಬಂದಾಗಲೆಲ್ಲ ಅವಳು ಇಷ್ಟಕ್ಕೇ ನಿಲ್ಲಿಸುತ್ತಾಳೆ. ಜಗಳವಾಡುವ ಹೆಂಡತಿಯ ಜೊತೆ ಬಾಳಬಹುದು, ನಿಲ್ಲಿಸುವವಳ ಜೊತೆ ಕಷ್ಟ. ಕೂಕಟ್‌ಪಲ್ಲಿಯ ಮೆಟ್ರೋ ಮೆಟ್ಟಿಲು ಹತ್ತುವಾಗ ಅವನಿಗೆ ಇಸ್ತ್ರಿಯ ಬಿಸಿ ಇನ್ನೂ ಬೆನ್ನಿಗೆ ತಾಗುತ್ತಿತ್ತು. ಹಿರಿಯರ ಸೀಟಿನಲ್ಲಿ ಕೂತಿದ್ದ ಹೆಂಗಸು ಅವನನ್ನು ನೋಡಿ ಕಣ್ಣು ಮುಚ್ಚಿ ನಿದ್ದೆ ಬಂದಂತೆ ಮಾಡಿದಳು. ಅವನು ಸಲಾಕೆ ಹಿಡಿದು ನಿಂತು, ಮುಚ್ಚಿದ ಆ ರೆಪ್ಪೆಗಳು ಅದುರುವುದನ್ನೇ ನೋಡಿದ. ಎಚ್ಚರವಿದ್ದವರನ್ನು ಎಬ್ಬಿಸುವುದು ಯಾರಿಂದಾದೀತು!

ಆ ಫೋಟೋ ಅವನಿಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಚೌಕಟ್ಟಿನ ಮುಕ್ಕಾಲು ಪಾಲು ಬರಿಯ ಪಾತ್ರ: ಉಸುಕು, ಗುಂಡುಕಲ್ಲು, ಒಣಗಿ ಬಿರಿದ ಕೆಸರು. ಫೋಟೋ ತೆಗೆದವನು ದಿಗಂತವನ್ನು ಎಷ್ಟು ಮೇಲಕ್ಕೆ ದೂಡಿದ್ದಾನೆಂದರೆ ಆಕಾಶಕ್ಕೆ ಉಳಿದದ್ದು ನಾಲ್ಕು ಬೆರಳು. ಆ ನಾಲ್ಕು ಬೆರಳಿನಲ್ಲೂ ಏನಿಲ್ಲ. ಆ ಕಾಲದ ಪ್ಲೇಟುಗಳಿಗೆ ಆಕಾಶದ ನೀಲಿಯನ್ನು ಹಿಡಿಯಲು ಬರುತ್ತಿರಲಿಲ್ಲ, ಮೋಡಗೀಡ ಎಲ್ಲ ಸುಟ್ಟು ಬಿಳಿಯಾಗುತ್ತಿದ್ದವು. ಕೆಳಗೆ ಎಡಮೂಲೆಯಲ್ಲಿ ಆನೆಯಷ್ಟು ದೊಡ್ಡ ಕರಿಬಂಡೆ. ಅಲ್ಲಿಂದ ಕಲ್ಲುಗಳು ಚಿಕ್ಕವಾಗುತ್ತ, ಚಿಕ್ಕವಾಗುತ್ತ ಬಲಕ್ಕೆ ಓರೆಯಾಗಿ ಮೇಲೇರಿ ಆ ಬಿಳಿಯೊಳಗೆ ಕರಗಿಹೋಗುತ್ತವೆ. ನಡುವೆ ಒಂದೆಳೆ ನೀರು. ಹತ್ತು ಹನ್ನೆರಡು ಸೆಕೆಂಡು ಮಸೂರ ತೆರೆದಿಟ್ಟದ್ದರಿಂದ ಅದರ ಅಲೆಯೆಲ್ಲ ಅಳಿಸಿ ಒಗೆದ ಪಂಚೆ ಹಾಸಿದಂತಿದೆ. ಬಂಡೆಯ ಮೇಲೆ ಬರಿಮೈಯ ಒಬ್ಬ ಮನುಷ್ಯ. ತಲೆ ಆಡಿಸಿದ್ದಾನೆ, ಆದ್ದರಿಂದ ಮುಖವಿಲ್ಲ, ಒರೆಸಿದ ಕಲೆ ಅಷ್ಟೇ. ಮೈ ಅಲುಗಿಲ್ಲ. ಆ ಮೈಯ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಬಿಳಿ ಗೆರೆ, ಜನಿವಾರ. ಅದು ಇರುವುದು ಬಲ ಹೆಗಲ ಮೇಲೆ. ಜನಿವಾರ ಸದಾ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಇಳಿಯುತ್ತದೆ. ಸತ್ತವರಿಗೆ ಎಳ್ಳುನೀರು ಬಿಡುವಾಗ ಮಾತ್ರ ಬಲ ಹೆಗಲಿಗೆ ಬರುತ್ತದೆ. ಅಪಸವ್ಯ. ಅದೇ ವಾಸುದೇವನ ಲೇಖನದ ಹೆಸರು. ಇಡೀ ನೋಟವೇ ಸತ್ತವರಿಗೆ ತೆರೆದುಕೊಂಡಿದೆ. ನಮ್ಮ ಕಣ್ಣು ಓದುವ ದಿಕ್ಕಿನಲ್ಲಿ ಎಡದಿಂದ ಒಳಬಂದು ಬಂಡೆಗೆ ಬಡಿದು, ಮಗನೊಬ್ಬನ ಹೆಗಲ ಮೇಲಿನ ಒಂದೆಳೆ ದಾರ ಹಿಡಿದು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಏನೂ ಇಲ್ಲದ ಆಕಾಶಕ್ಕೆ ಹೋಗುತ್ತದೆ. ಅಂಚುಗಳೆಲ್ಲ ತುಸು ಮಸುಕು, ಕಣ್ಣೀರಿನ ಮೂಲಕ ಕಂಡಂತೆ. ಹೀಗೆ ಬರೆದಿದ್ದ. ಬರೆದದ್ದು ಮೊದಲು ಧಾರವಾಡದ ಒಂದು ಸಣ್ಣ ಪತ್ರಿಕೆಯಲ್ಲಿ ಬಂತು, ಆಮೇಲೆ ಇಂಗ್ಲಿಷಿಗೆ ಹೋಯಿತು, ಆಮೇಲೆ ದಿಲ್ಲಿಯಿಂದ ಕರೆ ಬಂತು. ಡಾರ್ಕ್‌ರೂಮಿನಲ್ಲಿ ಪ್ರಿಂಟು ತೊಳೆಯುತ್ತಿದ್ದ ಸಂಗ್ರಹಾಲಯದ ನೌಕರನನ್ನು ಜನ ಸರ್ ಎಂದು ಕರೆದದ್ದು ಆ ಬಲ ಹೆಗಲಿನ ದಯೆಯಿಂದ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂಬಂತೆ ಮೂವತ್ತು ವರ್ಷ ಅದನ್ನೇ ಹಾಡಿದ, ಪ್ರತಿ ಸಲವೂ ‘ದಾರ ಹಿಡಿದು’ ಎನ್ನುವಲ್ಲಿ ಅವನ ಗಂಟಲು ಕಟ್ಟುತ್ತಿತ್ತು. ಅದು ನಾಟಕವಾಗಿರಲಿಲ್ಲ. ಅಮೀರ್‌ಪೇಟೆಯಲ್ಲಿ ಇಳಿದು ಗಾಡಿ ಬದಲಿಸುವಾಗ, ನಾಟಕವಲ್ಲದ್ದನ್ನು ನಾಟಕವಲ್ಲ ಎಂದು ತನಗೆ ತಾನೇ ಯಾಕೆ ಹೇಳಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ಕಸಿವಿಸಿಯಾಯಿತು.

ಶಿವದೇವಿ ಪ್ಲೇಟುಗಳ ಕೋಣೆಯಲ್ಲಿ ಕೈಗವಸು ಹಾಕಿಕೊಂಡು ಕಾಯುತ್ತಿದ್ದಳು. ಬೀದರ ಕಡೆಯವಳು, ತಂದೆ ಬೇಗಂ ಬಜಾರಿನ ಒಂದು ಕಿರಾಣಿ ಸಗಟು ಅಂಗಡಿಯಲ್ಲಿ ಮುನೀಮ. ಬೆಳಕಿನ ಮೇಜಿನ ಮೇಲೆ ಆ ಪ್ಲೇಟು ಇತ್ತು. ಮೂವತ್ತು ವರ್ಷಗಳ ಮೇಲೆ ಅವನು ಅದನ್ನು ನೋಡುತ್ತಿದ್ದ. ಅಂಚಿನಲ್ಲಿ ಚಿತ್ರ ಮೂಡಿದ ಲೇಪ ಎದ್ದು ಹಪ್ಪಳದಂತೆ ಸುರುಳಿ ಸುತ್ತಿತ್ತು, ಆಗ ಇದ್ದಂತೆಯೇ.

“ಇದನ್ನ ಯಾರೂ ಮುಟ್ಟಿರಲಿಲ್ರಿ ಸರ್. ಎಲ್ಲಾರೂ ನೀವು ತೆಗೆದ ಪ್ರಿಂಟಿನ ಮ್ಯಾಲಿಂದನ ಕಾಪಿ ಮಾಡಿಕೋತ ಬಂದಾರ. ಈಗ ಹೊಸಾ ಮಷೀನು ಬಂತಲ್ರಿ, ಮುಟ್ಟದನ ತೆಗೀಬಹುದು. ತೆಗದೆ.” ಅವಳು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದಳು. “ಲೇಪ ಈ ಕಡೆ ಐತ್ರಿ. ಹಂಗಂದ್ರ ಖರೇ ಚಿತ್ರ ಹಿಂಗ.”

ಪರದೆಯಲ್ಲಿ ಬಂಡೆ ಬಲಗಡೆ ಇತ್ತು. ಕಲ್ಲುಗಳು ಎಡಕ್ಕೆ ಹೋಗುತ್ತಿದ್ದವು. ಅಂಚುಗಳು ಚಾಕುವಿನಷ್ಟು ಚೂಪಾಗಿದ್ದವು, ಎಲ್ಲೂ ಕಣ್ಣೀರಿರಲಿಲ್ಲ. ಮತ್ತು ಆ ಮನುಷ್ಯ, ಎಡ ಹೆಗಲಿಗೆ ಜನಿವಾರ ಹಾಕಿಕೊಂಡು, ಬೇಸಿಗೆಯ ಬಿಸಿಲಿನಲ್ಲಿ ಸುಮ್ಮನೆ ಕೂತಿದ್ದ. ಅಳತೆಗಾಗಿ ಕೂರಿಸಿದವನು. ಬಂಡೆ ಎಷ್ಟು ದೊಡ್ಡದೆಂದು ನೋಡುವವರಿಗೆ ತಿಳಿಯಲಿ ಎಂದು, ಯಾರನ್ನೋ ದಾರಿಯಲ್ಲಿ ಹಿಡಿದು, ಅಲುಗಬೇಡ ಎಂದು ಕೂರಿಸಿದ್ದು. ಬಹುಶಃ ಊಟದ ಹೊತ್ತು ಮೀರಿರಬೇಕು, ಬಹುಶಃ ನೊಣ ಕೂತಿರಬೇಕು, ತಲೆ ಆಡಿಸಿದ್ದಾನೆ. ಸತ್ತವರು ಯಾರೂ ಇರಲಿಲ್ಲ.

“ಲಕೋಟಿ ಒಳಗ ಇದು ಇತ್ರಿ,” ಎಂದು ಶಿವದೇವಿ ಎರಡು ಬೆರಳಗಲದ ಒಂದು ಕಾಗದ ಕೊಟ್ಟಳು. ಪೆನ್ಸಿಲಿನ ಅಕ್ಷರ. ‘ಗಾಜಿನ ಕಡೆಯಿಂದ. ಮುಂದೆ ತಿರುಗಿಸುವುದು.’ “ನಿಮ್ಮ ಅಕ್ಷರಾನ ಹೌದಲ್ರಿ? ಹಳೇ ರಜಿಸ್ಟರಿನಾಗ ನೋಡಿದ ಜ-ಕಾರದಿಂದ ಗುರ್ತ ಹಿಡದೆ.”

ಅವನದೇ ಅಕ್ಷರ. ಲೇಪದ ಮುಖವನ್ನು ಕಾಗದಕ್ಕೆ ಒತ್ತಿದರೆ ಉದುರೀತು ಎಂದು ಹೆದರಿ, ಪ್ಲೇಟನ್ನು ಮಗುಚಿ, ಗಾಜಿನ ಕಡೆಯನ್ನು ಕಾಗದಕ್ಕೆ ಇಟ್ಟು ಪರೀಕ್ಷೆಗೆಂದು ಒಂದೇ ಒಂದು ಪ್ರಿಂಟು ತೆಗೆದಿದ್ದ. ಹಾಗೆ ತೆಗೆದರೆ ಎಡಬಲ ಅದಲುಬದಲಾಗುತ್ತದೆ, ನಡುವೆ ಗಾಜಿನ ದಪ್ಪ ಬರುವುದರಿಂದ ಅಂಚು ಮಸುಕಾಗುತ್ತದೆ. ಇದು ಡಾರ್ಕ್‌ರೂಮಿಗೆ ನಿನ್ನೆ ಬಂದವನಿಗೂ ಗೊತ್ತು. ಆಮೇಲೆ ಸರಿಯಾಗಿ ತಿರುಗಿಸಿ ತೆಗೆದರಾಯಿತೆಂದು ಚೀಟಿ ಬರೆದು ಲಕೋಟೆಗೆ ಹಾಕಿದ. ಆಗಲೇ ಜವಾನ ಬಾಗಿಲು ಬಡಿದದ್ದು. ಸಾಬ್, ಘರ್ ಸೆ ಫೋನ್. ಮನೆಯ ಫೋನೆಂದು ಗೊತ್ತಿದ್ದೂ ಹತ್ತು ನಿಮಿಷ ಎಂದು ಒಳಗಿನಿಂದಲೇ ಕೂಗಿದ. ಕಾಗದ ಆಗ ತಾನೇ ತಟ್ಟೆಯ ದ್ರಾವಣದಲ್ಲಿ ಮುಳುಗಿತ್ತು. ಕೆಂಪು ದೀಪದಲ್ಲಿ ಮೊದಲು ಬಂಡೆ ಮೂಡಿತು, ಆಮೇಲೆ ಕಲ್ಲುಗಳು, ಆಮೇಲೆ ಆ ಮನುಷ್ಯ. ಇನ್ನೊಮ್ಮೆ ಬಾಗಿಲು ಬಡಿಯಿತು. ಬಾಗಿಲು ತೆಗೆದರೆ ಬೆಳಕು ಬಿದ್ದು ಎಲ್ಲ ಹಾಳು. ಎಲ್ಲ ಎಂದರೆ ಏನು, ಒಂದು ಕಾಗದ. ಆದರೆ ಆಗ ಅದು ಎಲ್ಲವೂ ಆಗಿತ್ತು. ದ್ರಾವಣದಿಂದ ದ್ರಾವಣಕ್ಕೆ ಎತ್ತಿ, ತೊಳೆದು, ದಾರಕ್ಕೆ ನೇತುಹಾಕಿ ಹೊರಗೆ ಬಂದಾಗ ನಲವತ್ತು ನಿಮಿಷವಾಗಿತ್ತು. ಕಾಚಿಗುಡದ ಬಾಡಿಗೆ ಮನೆಗೆ ಸ್ಕೂಟರಿನಲ್ಲಿ ಹೋದಾಗ ಕೃಷ್ಣಾಬಾಯಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಅಪ್ಪನ ಉಸಿರು ನಿಂತಾಗಿತ್ತು, ಅವಳ ಕೈಯಲ್ಲಿ ಗಂಗಾಜಲದ ಚಮಚ ಹಾಗೇ ಇತ್ತು. “ಮೂರು ಸಲ ಕೇಳಿದ್ರು, ವಾಸ್ಯಾ ಬಂದನೇನು ಅಂತ,” ಎಂದಳು. ಅಂದೇ ಕೊನೆ, ಮತ್ತೆಂದೂ ಹೇಳಲಿಲ್ಲ. ಹದಿಮೂರು ದಿನ ಆಚಾರ್ಯರು ಅಪಸವ್ಯ ಮಾಡ್ಕೋರಿ, ಅಪಸವ್ಯ ಮಾಡ್ಕೋರಿ ಎಂದು ಹೇಳುತ್ತಿದ್ದರು, ಅವನು ಜನಿವಾರವನ್ನು ಬಲ ಹೆಗಲಿಗೆ ತಂದು ಎಳ್ಳುನೀರು ಬಿಡುತ್ತಿದ್ದ. ಹದಿನಾಲ್ಕನೆಯ ದಿನ ಬೋಳುತಲೆಯಲ್ಲಿ ಕೆಲಸಕ್ಕೆ ಹೋಗಿ, ಒಣಗಿ ಮುದುಡಿದ ಆ ಪ್ರಿಂಟನ್ನು ದಾರದಿಂದ ಇಳಿಸಿ ನೋಡಿದ. ಬಂಡೆಯ ಮೇಲೆ ತಾನೇ ಕೂತಿದ್ದ. ಚೀಟಿಯ ನೆನಪು ಎಲ್ಲಿ ಹೋಯಿತು? ಹೋಯಿತೋ, ಕಳಿಸಿದನೋ? ಆ ನಲವತ್ತು ನಿಮಿಷ ಅಪ್ಪನನ್ನು ಬಿಟ್ಟು ತಾನು ಅಪ್ಪನ ಶ್ರಾದ್ಧವನ್ನೇ ತೊಳೆಯುತ್ತಿದ್ದೆ ಎಂದು ಅವನಿಗೆ ಆಗ ಅನಿಸಿತು. ಹಾಗೆ ಅನಿಸಿದ್ದರಿಂದ ಉಸಿರಾಡಲು ಸಾಧ್ಯವಾಯಿತು. ಈಗ ಪರದೆಯ ಮೇಲೆ ಎಡ ಹೆಗಲಿನ ಆ ಬೇಸರದ ಮನುಷ್ಯ ಹೇಳುತ್ತಿದ್ದ: ನೀನು ಅಪ್ಪನನ್ನು ಬಿಟ್ಟದ್ದು ಏನೂ ಅಲ್ಲದ್ದಕ್ಕಾಗಿ.

“ಜನಿವಾರ ಯಾವ ಹೆಗಲಿಗಿದ್ರ ಏನು ಫರಕ ಅನ್ನೂದು ನಮ್ಮ ಮನ್ಯಾಗ ಗೊತ್ತಿಲ್ರಿ,” ಶಿವದೇವಿ ಹೇಳುತ್ತಿದ್ದಳು. “ನಿಮ್ಮ ಲೇಖನ ಓದಿನ ತಿಳಕೊಂಡೆ. ಅದಕ್ಕ ಎದಿ ಡವ್ ಅಂತು. ನಮ್ಮ ಡೈರೆಕ್ಟರ್ ಮಿಲಿಂದ ಸರ್‌ಗೆ ಹತ್ತು ದಿನದ ಹಿಂದ ಮೇಲ್ ಹಾಕಿದ್ದೆ, ಚಿತ್ರ ತಿರುಗೈತಿ ಅಂತ ಅಷ್ಟ. ಅವರು ನೋಡಿಲ್ಲ. ಈ ಚೀಟಿ ಬಗ್ಗೆ ಯಾರಿಗೂ ಹೇಳಿಲ್ರಿ. ನಿಮ್ಮ ಕೈಯಾಗ ಕೊಡಬೇಕು ಅನಿಸ್ತು. ನೀವು ಹೇಳಿದ್ರ ಛಲೋ ಕಾಣತೈತಿ, ನಾ ಹೇಳಿದ್ರ ಚಾಡಿ ಆಗತೈತಿ.”

“ಕರೆಕ್ಟ್ ಅದ. ನಾ ಹೇಳ್ತೀನಿ,” ಎಂದ ವಾಸುದೇವ. ಹೇಳಿದ್ದು ಮನಸ್ಸಿನಿಂದಲೇ. ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅವಳ ಮುಖ ಹಗುರಾಯಿತು; ಚಹಾ ತರಲೇನ್ರಿ ಎಂದಳು. ಬೇಡ ಎಂದ. ಅವಳ ಒಳ್ಳೆಯತನ ಅವನಿಗೆ ಸಹಿಸಲಾಗಲಿಲ್ಲ. ಕೊಂಚ ಸೊಕ್ಕಿದ್ದಿದ್ದರೆ, ಮುದುಕನ ತಪ್ಪು ಹಿಡಿದೆನೆಂಬ ಬಿಂಕ ತುಸು ತೋರಿಸಿದ್ದರೆ, ಎಷ್ಟು ಅನುಕೂಲವಾಗುತ್ತಿತ್ತು. ನಡುಮನೆಗೆ ಇಳಿಯುವ ಮರದ ಮೆಟ್ಟಿಲ ಮೇಲೆ ಅವನು ಹೇಳಬೇಕಾದ ವಾಕ್ಯವನ್ನು ಕಟ್ಟಿದ. ‘ಮಿಲಿಂದ, ಇದು ನನ್ನ ತಪ್ಪು.’ ತೀರಾ ಬೋಳು. ‘ನೋಡಪಾ, ಇತಿಹಾಸದಾಗ ಎಷ್ಟೋ ಸಲ...’ ಇದು ಗೌರವಸ್ಥವಾಗಿತ್ತು. ಹೊಸ ಲೇಖನವನ್ನೇ ಬರೆಯಬಹುದು, ತಪ್ಪಿನ ಬಗ್ಗೆಯೇ. ತಪ್ಪೊಪ್ಪಿಕೊಂಡ ದೊಡ್ಡಮನುಷ್ಯ ಎಂದು ಇನ್ನೊಂದು ಸುತ್ತು ಹಾರ ಬಿದ್ದೀತು. ಆರನೆಯ ಮೆಟ್ಟಿಲಿನಲ್ಲಿ ತಾನು ಆಗಲೇ ಆ ಹಾರವನ್ನು ಲೆಕ್ಕ ಹಾಕುತ್ತಿರುವುದು ಗೊತ್ತಾಗಿ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಕೆಳಗೆ ಚಿತ್ರ ಗೋಡೆಗೆ ಏರಿತ್ತು. ಎಂಟು ಅಡಿಯ ನದಿಪಾತ್ರ. ಮುಂದೆ ಮಿಲಿಂದ ನಿಂತಿದ್ದ. ಸಂಗ್ರಹಾಲಯದ ನಿರ್ದೇಶಕ, ವಾಸುದೇವನ ಹಳೆಯ ಸಹೋದ್ಯೋಗಿಯ ಮಗ, ಚಿಕ್ಕವನಿದ್ದಾಗ ಇವನ ಸ್ಕೂಟರಿನ ಮುಂದೆ ನಿಂತು ಹಾರ್ನ್ ಬಾರಿಸಿದವನು. ಪಕ್ಕದಲ್ಲಿ ಧನಶ್ರೀ, ಮಾದಾಪುರದ ಒಂದು ಕಂಪನಿಯ ಪರವಾಗಿ ಈ ಪ್ರದರ್ಶನದ ಖರ್ಚು ವಹಿಸಿಕೊಂಡವಳು.

“ಬರ್ರಿ ಕಾಕಾ, ನಿಮ್ಮನ್ನ ನೆನಸ್ಲಿಕತ್ತಿದ್ವಿ!” ಎಂದ ಮಿಲಿಂದ. “ಇವರು ಧನಶ್ರೀ. ನಿಮ್ಮ ದೊಡ್ಡ ಫ್ಯಾನ್.”

ಧನಶ್ರೀ ಬಾಗಿ ಅವನ ಕಾಲು ಮುಟ್ಟಿದಳು. ಅವನು ಹಿಂದೆ ಸರಿದ, ಆದರೆ ಒಂದು ಕ್ಷಣ ತಡವಾಗಿ. “ನಮ್ಮಪ್ಪ ಹೋದ ವರ್ಷ ತೀರ್ಕೊಂಡ್ರು ಸರ್. ಹದಿಮೂರು ದಿನ ನಂಗ ಅಳು ಬರಲಿಲ್ಲ. ಎಲ್ಲಾರೂ ನನ್ನ ಕಲ್ಲು ಅಂದ್ರು. ಆಮ್ಯಾಲೆ ಒಂದಿನ ಆಫೀಸಿನಾಗ ಕೂತು ನಿಮ್ಮ ಲೇಖನ ಓದಿದೆ. ಆ ಜನಿವಾರದ ಮಾತು ಬಂತಲ್ಲ, ಅಲ್ಲೇ ಅತ್ತುಬಿಟ್ಟೆ. ಈ ಪ್ರದರ್ಶನ ಆಗಲೇಬೇಕು ಅಂತ ನಾನೇ ಹಟ ಹಿಡಿದೆ.”

ವಾಸುದೇವ ಗೋಡೆಯ ಕಡೆ ನೋಡಿದ. ಮೆಟ್ಟಿಲ ಮೇಲೆ ಕಟ್ಟಿದ ವಾಕ್ಯ ಬಾಯಲ್ಲೇ ಇತ್ತು. ಹಿಂದಿನಿಂದ ಶಿವದೇವಿ ಇಳಿದು ಬಂದಳು. ಅವನು ಆಗಲೇ ಹೇಳಿದ್ದಾನೆ ಎಂದು ತಿಳಿದವಳಂತೆ ನಿಶ್ಚಿಂತೆಯಾಗಿ ಕಂಬದ ಹತ್ತಿರ ನಿಂತಳು. ಅವಳನ್ನು ಕಂಡು ಮಿಲಿಂದನಿಗೆ ಏನೋ ನೆನಪಾಯಿತು.

“ಅಂದ್ಹಂಗ ಕಾಕಾ, ಒಂದು ಮಜಾ ಕೇಳ್ರಿ. ಇವತ್ತು ಬೆಳಗ್ಗೆ ಹಳೇ ಮೇಲ್ ನೋಡಿದೆ. ಈಕಿ ಬರದಾಳ, ಈ ಚಿತ್ರ ಎಡಬಲ ತಿರುಗೇದ ಅಂತ! ಕ್ಯಾಟಲಾಗು ಪ್ರಿಂಟ್ ಆಗೇದ, ಮಂತ್ರಿಗಳು ನಾಲ್ಕಕ್ಕ ಬರ್ತಾರ. ನೀವು ಒಂದು ಮಾತು ಹೇಳಿಬಿಡ್ರಿ, ಮುಗೀತು. ತಿರುಗೇದೋ, ಇಲ್ಲೋ?”

ಒಂದು ಮಾತು. ಧನಶ್ರೀ ನಗುತ್ತ ಅವನನ್ನು ನೋಡುತ್ತಿದ್ದಳು, ಅವಳ ಕಣ್ಣುಗಳು ಒದ್ದೆಯಾಗಿದ್ದವು. ಈಕೆಯ ಅಳುವನ್ನು ತಾನು ಕಸಿದುಕೊಳ್ಳಬೇಕೇ? ಈ ಯೋಚನೆ ಎಷ್ಟು ಸರಾಗವಾಗಿ ಬಂತೆಂದರೆ, ಅದು ಬಂದದ್ದಕ್ಕೆ ಅವನಿಗೆ ಕೃತಜ್ಞತೆಯೇ ಆಯಿತು. ಪರರ ದುಃಖದ ನೆಪ ಸಿಕ್ಕರೆ ಎಂಥ ಹೇಡಿಯೂ ಕರುಣಾಳುವಾಗುತ್ತಾನೆ. ಜೇಬಿನಲ್ಲಿ ಚೀಟಿಯ ಮೂಲೆ ಎದೆಗೆ ಚುಚ್ಚುತ್ತಿತ್ತು, ಅಥವಾ ಚುಚ್ಚುತ್ತಿದೆ ಎಂದು ಅವನು ಅಂದುಕೊಂಡ.

“ಆಗಿನ ಕಾಲಕ್ಕ ಕೆಲವರು ಪ್ಲೇಟನ್ನ ಕ್ಯಾಮೆರಾದಾಗ ಹಿಂದುಮುಂದು ಇಡ್ತಿದ್ರು,” ಎಂದ. ತನ್ನ ದನಿ ಇಷ್ಟು ಸಮಾಧಾನವಾಗಿರುವುದು ಕೇಳಿ ಅವನಿಗೇ ಆಶ್ಚರ್ಯ. “ಹಂಗಿದ್ದಾಗ ಲೇಪ ಯಾವ ಕಡೆ ಅದ ಅಂತ ನೋಡಿ ಏನೂ ಹೇಳ್ಲಿಕ್ಕೆ ಬರೂದಿಲ್ಲ. ಹೊಸಬರಿಗೆ ಇದು ತಿಳಿಯೂದು ಕಷ್ಟ.”

ಮೂರು ವಾಕ್ಯ. ಬಿಡಿಬಿಡಿಯಾಗಿ ನೋಡಿದರೆ ಒಂದೂ ಸುಳ್ಳಲ್ಲ. ಇಂಥ ಸುಳ್ಳು ಹೇಳಬೇಕಾದರೆ ಮೂವತ್ತು ವರ್ಷದ ಅನುಭವ ಬೇಕು. ಅವನು ಶಿವದೇವಿಯ ಕಡೆ ನೋಡಬಾರದೆಂದುಕೊಂಡು ನೋಡಿದ. ಅವಳು ಮೊದಲು ಅವನ ಮುಖ ನೋಡಿದಳು, ಆಮೇಲೆ ಅವನ ಜೇಬು ನೋಡಿದಳು. ಈಗ ಬಾಯಿ ಬಿಡುತ್ತಾಳೆ ಎಂದು ಅವನು ಕಾದ. ಬಿಟ್ಟರೆ ಒಳ್ಳೆಯದು ಎಂದೂ ಅನಿಸಿತು. ಅವಳು ಕೂಗಾಡಲಿ, ಜೇಬು ತೋರಿಸ್ರಿ ಅನ್ನಲಿ, ಆಗ ತಾನು ಒಪ್ಪಿಕೊಳ್ಳಬಹುದು, ಒಪ್ಪಿಕೊಳ್ಳುವ ಹೊರೆಯೂ ಅವಳದೇ ಆಗಲಿ. ಅವಳು ಕೈಗವಸು ಕಳಚಿ ಮಡಿಸಿದಳು.

“ಕೇಳಿದ್ಯಲ್ಲ?” ಎಂದ ಮಿಲಿಂದ. ಸಿಟ್ಟಿನಿಂದಲ್ಲ, ಅತಿಥಿಯ ಎದುರಿಗೆ ತೋರಿಸಬೇಕಾದಷ್ಟೇ ಗಡಸಿನಿಂದ. “ಈ ಚಿತ್ರದ ಮ್ಯಾಲೆ ಇಡೀ ಜನ್ಮ ಸವೆಸಿದವರು ಅವರು. ಅವರಿಗೆ ತಿದ್ಲಿಕ್ಕೆ ಹೋಗಿದ್ಯಲ್ಲ! ಕಾಕಾಗ ಸಾರಿ ಹೇಳು.”

“ಅಯ್ಯ, ಅದೆಲ್ಲಾ ಯಾಕ,” ಎಂದ ವಾಸುದೇವ.

“ಸಾರಿ ರೀ ಸರ್,” ಎಂದಳು ಶಿವದೇವಿ. ಹೇಳಿ, ಮೇಲೆ ಪ್ಲೇಟು ಹೊರಗೇ ಅದಾವ್ರಿ, ಒಳಗ ಇಟ್ಟು ಬರತೀನಿ ಎಂದು ಮೆಟ್ಟಿಲು ಹತ್ತಿಹೋದಳು. ಅವಳು ಕಣ್ಮರೆಯಾದ ಮೇಲೆ ಮಿಲಿಂದ ದನಿ ತಗ್ಗಿಸಿ, ಮುಂದಿನ ತಿಂಗಳು ಈಕೆಯ ಕರಾರು ಮುಗಿಯುತ್ತದೆ, ಉಳಿದ ಪ್ಲೇಟುಗಳನ್ನು ಹೊರಗಿನ ಏಜೆನ್ಸಿಗೆ ಕೊಡುವ ವಿಚಾರ ಹೇಗೂ ಇತ್ತು, ಈಗ ಗಟ್ಟಿಯಾಯಿತು ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎತ್ತು ಪಕ್ಕದಲ್ಲೇ ನಿಂತು, ಬರೆ ಬೀಳುವುದನ್ನು ನೋಡುತ್ತ, “ಹುಡುಗಿ ಶಾಣ್ಯಾ ಇದ್ದಾಳ, ಪಾಪ,” ಎಂದಿತು.

ಈಗ ಬಂದೆ ಎಂದು ಅವನು ಹೊರಟ. ಹಿತ್ತಲ ಕಡೆಯ ನೌಕರರ ಪಾಯಖಾನೆ ಅವನಿಗೆ ಕತ್ತಲಲ್ಲೂ ಗೊತ್ತು. ಒಳಗೆ ಹೋಗಿ ಚಿಲಕ ಹಾಕಿ ಚೀಟಿಯನ್ನು ತೆಗೆದ. ಹರಿಯುವ ಮುಂಚೆ ಮತ್ತೊಮ್ಮೆ ಓದಿದ. ಎಷ್ಟು ಅಚ್ಚುಕಟ್ಟಾದ ಅಕ್ಷರ. ಈ ಚೀಟಿ ಬರೆದವನು ಇನ್ನೂ ಅಪ್ಪನಿದ್ದವನು, ತಪ್ಪು ಮಾಡಿದರೆ ತಿದ್ದಬಹುದು ಎಂದು ನಂಬಿದ್ದವನು. ನಾಲ್ಕು ಚೂರು ಮಾಡಿ ಒಳಗೆ ಹಾಕಿ ಫ್ಲಶ್ ಎಳೆದ. ನೀರಿರಲಿಲ್ಲ. ಇನ್ನೊಮ್ಮೆ ಎಳೆದ, ಗೊರಗೊರ ಎಂದು ಗಾಳಿ ಬಂತು. ಬಕೆಟ್ಟಿನ ತಳದಲ್ಲಿದ್ದ ನೀರನ್ನು ಮಗ್ಗಿನಿಂದ ತೋಡಿ ಹಾಕಿದ. ಮೂರು ಚೂರು ಹೋದವು, ಒಂದು ತಿರುಗಿ ತಿರುಗಿ ಮೇಲೆ ಬಂತು. ಎರಡನೆಯ ಮಗ್ಗು. ಮತ್ತೆ ಬಂತು. ಹೊರಗೆ ಯಾರೋ ಬಾಗಿಲು ಬಡಿದರು. “ಹತ್ತು ನಿಮಿಷ,” ಎಂದುಬಿಟ್ಟ ವಾಸುದೇವ, ಮತ್ತು ತನ್ನ ಬಾಯಿಂದ ಬಂದ ಮಾತು ಕೇಳಿ ಮಗ್ಗನ್ನು ಕೆಳಗಿಟ್ಟ. ಆಮೇಲೆ ಇಸ್ತ್ರಿಯ ಬಿಳಿ ಅಂಗಿಯ ತೋಳು ಮಡಿಸಿ, ಬಗ್ಗಿ, ಆ ಚೂರನ್ನು ಕೈಯಿಂದ ಎತ್ತಿ, ಹಿಂಡಿ ಉಂಡೆ ಮಾಡಿ, ಮೇಲಿನ ಗವಾಕ್ಷಿಯಿಂದ ಹೊರಗೆ ಎಸೆದ. ಕೈ ತೊಳೆಯಲು ನೀರು ಉಳಿದಿರಲಿಲ್ಲ; ಸಂಜೆಯವರೆಗೂ ಯಾವ ನಳಕ್ಕೂ ಬರಲಿಲ್ಲ.

ನಾಲ್ಕಕ್ಕೆ ಬರಬೇಕಾದ ಮಂತ್ರಿ ಐದೂಕಾಲಿಗೆ ಬಂದು ಐದೂವರೆಗೆ ಹೋದರು. ವಾಸುದೇವನಿಗೆ ಶಾಲು ಹೊದಿಸಿದರು. ಅವನು ಮಾತಾಡಿದ. ಎಡದಿಂದ ಒಳಬರುವ ಕಣ್ಣು, ಬಂಡೆ, ಹೆಗಲು, ದಾರ ಹಿಡಿದು. ಆ ಮಾತಿನ ಹತ್ತಿರ ಬಂದಾಗ ಅವನು ಅಭ್ಯಾಸದಂತೆ ತಡೆದು ನಿಂತ, ಗಂಟಲು ಕಟ್ಟಲಿ ಎಂದು ಕಾದ. ಕಟ್ಟಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನು ಗಂಟಲನ್ನು ತಾನಾಗಿ ಬಿಗಿಹಿಡಿದು ದನಿ ನಡುಗಿಸಿದ. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಧನಶ್ರೀ ಕರವಸ್ತ್ರ ತೆಗೆದಳು. ಎರಡನೆಯ ಸಾಲಿನಲ್ಲಿ ಕೂತ ಕೃಷ್ಣಾಬಾಯಿ ಮಾತ್ರ ಚಿತ್ರವನ್ನೂ ನೋಡದೆ, ಅವನನ್ನೂ ನೋಡದೆ, ತೊಡೆಯ ಮೇಲಿನ ಚೀಲದ ಹಿಡಿಕೆಯನ್ನು ಸರಿಮಾಡುತ್ತಿದ್ದಳು. ಅವಳು ಈ ಭಾಷಣಕ್ಕೆ ಬಂದದ್ದು ಇದೇ ಮೊದಲು. ಎಷ್ಟು ಸಲ ಕರೆದರೂ ಬಂದಿರಲಿಲ್ಲ.

ಜನ ಸಮೋಸದ ಕಡೆ ಚದುರಿದ ಮೇಲೆ ಅವಳು ಎದ್ದು ಬಂದು ಅವನ ಪಕ್ಕದಲ್ಲಿ ನಿಂತು, ಎಂಟು ಅಡಿಯ ಆ ಕಲ್ಲುಗಳನ್ನು ಬಹಳ ಹೊತ್ತು ನೋಡಿದಳು. ಏನಾದರೂ ಹೇಳಲಿ ಎಂದು ಅವನು ಬಯಸಿದ. ಬೈದರೂ ಸರಿ.

“ಅವತ್ತು ಇದನ್ನೇ ತೊಳೀತಿದ್ರಿ, ಅಲ್ಲ?” ಎಂದಳು.

“ಹೌದು.”

“ಮಾವನವರ ಸಲುವಾಗಿ ಬರೆದದ್ದು ಅಂತ ನಂಗ ಇವತ್ತ ತಿಳೀತು. ಇಷ್ಟು ವರ್ಷ ನಿಮ್ಮ ಮ್ಯಾಲೆ ಸಿಟ್ಟು ಇಟ್ಕೊಂಡಿದ್ದೆ. ಹೋಗ್ಲಿ ಬಿಡ್ರಿ. ದೇವರು ನಿಮ್ಮ ಕೈಲೆ ಅಂಥಾ ಕೆಲಸ ಆವತ್ತೇ ಮಾಡಿಸ್ಯಾನ.”

ಮೂವತ್ತು ವರ್ಷ ಕಾದಿದ್ದ ಮಾತು. ಅದು ಬಂದಿತ್ತು, ಮತ್ತು ಅದನ್ನು ತೆಗೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಬೇಡ, ಅದನ್ನು ವಾಪಸು ತಗೋ ಎಂದು ಹೇಳಬೇಕೆನಿಸಿತು. ಅವಳ ಕೈ ಅವನ ಕೈಯನ್ನು ಹುಡುಕಿತು. ತೊಳೆಯದ ಆ ಕೈಯನ್ನು ಅವನು ಶಾಲಿನೊಳಗೆ ಎಳೆದುಕೊಂಡ.

“ಕಾಕಾ, ಕಾಕೂ, ಅಲ್ಲೇ ನಿಲ್ರಿ, ಒಂದು ಸೆಲ್ಫಿ!” ಮಿಲಿಂದ ಓಡಿ ಬಂದ. ಧನಶ್ರೀಯನ್ನು ಎಳೆದು ತಂದ. ಸಮೋಸದ ತಟ್ಟೆಗಳನ್ನು ಜೋಡಿಸುತ್ತಿದ್ದವಳನ್ನು ನೋಡಿ, “ಏ ಶಿವದೇವಿ, ನೀನೂ ಬಾ, ಎಲ್ಲಾರೂ ಬರಲಿ,” ಎಂದು ಕರೆದ. ಅವಳು ಕೈ ಒರೆಸಿಕೊಂಡು ಬಂದು ಸಾಲಿನ ಕೊನೆಗೆ ನಿಂತಳು. ಮಿಲಿಂದ ಎಲ್ಲರಿಗೂ ಬೆನ್ನು ಹಾಕಿ ಮುಂದೆ ನಿಂತು, ತೋಳು ಉದ್ದ ಚಾಚಿ ಫೋನನ್ನು ಎತ್ತಿ ಹಿಡಿದ.

ಫೋನಿನ ಗಾಜಿನಲ್ಲಿ ಎಲ್ಲರೂ ಮೂಡಿದರು. ಶಾಲು ಹೊದ್ದ ಮುದುಕ, ಅವನ ಹೆಂಡತಿ, ಕಣ್ಣು ಒರೆಸಿಕೊಂಡ ಧನಶ್ರೀ. ಅವರ ತಲೆಗಳ ಹಿಂದೆ ನದಿ. ಆ ನದಿಯ ಬಂಡೆ ಬಲಗಡೆ ಇತ್ತು. ಕಲ್ಲುಗಳು ಎಡಕ್ಕೆ ಸಾಗುತ್ತಿದ್ದವು. ಬಂಡೆಯ ಮೇಲೆ ಆ ಮನುಷ್ಯ ತನ್ನ ಎಡ ಹೆಗಲಿಗೆ ಜನಿವಾರ ಹಾಕಿಕೊಂಡು, ಯಾರಿಗೂ ಎಳ್ಳುನೀರು ಬಿಡದೆ, ಇದು ಯಾವಾಗ ಮುಗಿಯುತ್ತದೋ ಎಂದು ಕೂತಿದ್ದ. ವಾಸುದೇವ ಕಣ್ಣು ಕೀಳಲಾರದೆ ನೋಡಿದ. ಗಾಜಿನೊಳಗೆ, ಸಾಲಿನ ಕೊನೆಯಿಂದ, ಶಿವದೇವಿಯೂ ಅದನ್ನೇ ನೋಡುತ್ತಿದ್ದಳು. ಆಮೇಲೆ ಅವನನ್ನು ನೋಡಿದಳು.

“ಅಯ್ಯ, ಏನ್ರಿ,” ಕೃಷ್ಣಾಬಾಯಿ ಅವನ ತೋಳು ಜಗ್ಗಿದಳು. “ಇದರಾಗ ನೋಡ್ರಿ, ಅವನ ಜನಿವಾರ ನೆಟ್ಟಗ ಅದ!”

ಮಿಲಿಂದ ನಕ್ಕ. “ಫೋನಿನಾಗ ಎಲ್ಲಾ ಉಲ್ಟಾ ಕಾಣ್ತದ ಕಾಕೂ. ಅದನ್ನ ನೋಡಬ್ಯಾಡ್ರಿ. ಕಾಕಾ, ನಗ್ರಿ ಸ್ವಲ್ಪ, ಇವತ್ತು ನಿಮ್ಮ ದಿನ.”

ವಾಸುದೇವ ನಕ್ಕ. ಕೃಷ್ಣಾಬಾಯಿ ಮಾತ್ರ ನಗಲಿಲ್ಲ. ಅವಳು ತಿರುಗಿ ಗೋಡೆಯ ಮೇಲಿನ ಚಿತ್ರವನ್ನು ನೋಡಿದಳು, ಮತ್ತೆ ಫೋನನ್ನು ನೋಡಿದಳು, ಆಮೇಲೆ ಕೊನೆಯಲ್ಲಿ ನಿಂತ ಹುಡುಗಿಯ ಮುಖವನ್ನು. ಆಮೇಲೆ ಅವನ ತೋಳನ್ನು ಬಿಟ್ಟಳು.